ಗುಡ್ಡದ ಮೇಲಿನ ಫ್ಯಾನು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಸುತ್ತಿನ ಗುಡ್ಡಗಳಲ್ಲಿ ಗಾಳಿ ಯಂತ್ರಗಳ ನಿರ್ವಹಣೆ ಕೆಲಸ ಮಾಡಿದವನು ನಾನು. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಮನೆಯ ನೆಂಟರು, ಹೊಲದ ಮಾಲೀಕರು, ಡಿಪ್ಲೊಮಾ ಓದುವ ಹುಡುಗರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅವರು ಕೇಳಿದ ಹಾಗೇ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ. ನಮ್ಮ ಕಡೆ ಇದಕ್ಕೆ ಎಲ್ಲರೂ ಫ್ಯಾನು ಅಂತಲೇ ಅನ್ನುವುದು. ನಾನೂ ಹಾಗೇ ಬರೆಯುತ್ತೇನೆ.

## ರಸ್ತೆಯಲ್ಲಿ ಹೋಗುವಾಗ ಹುಟ್ಟುವ ಪ್ರಶ್ನೆಗಳು

ಸಾರ್, ಇದನ್ನ ಕರೆಂಟ್ ಕೊಟ್ಟು ತಿರುಗಿಸ್ತೀರೋ, ಇದು ತಿರುಗಿ ಕರೆಂಟ್ ಕೊಡುತ್ತೋ?

ತಿರುಗಿ ಕೊಡುತ್ತದೆ. ಮನೆ ಫ್ಯಾನು ಕರೆಂಟ್ ತಿಂದು ಗಾಳಿ ಕೊಟ್ಟರೆ, ಇದು ಗಾಳಿ ತಿಂದು ಕರೆಂಟ್ ಕೊಡುತ್ತದೆ. ರೆಕ್ಕೆ ತಿರುಗಿದಾಗ ಅದರ ಹಿಂದಿನ ದಪ್ಪ ಶಾಫ್ಟ್ ತಿರುಗುತ್ತದೆ, ಶಾಫ್ಟ್ ಗೇರ್‌ಬಾಕ್ಸನ್ನು ತಿರುಗಿಸುತ್ತದೆ, ಗೇರ್‌ಬಾಕ್ಸ್ ಜನರೇಟರನ್ನು. ಹಳೇ ಸೈಕಲ್ಲಿನ ಡೈನಮೋ ನೆನಪಿದೆಯಲ್ಲ, ಅದರದೇ ದೊಡ್ಡಣ್ಣ. ಹೆಚ್ಚಿನ ಯಂತ್ರಗಳಲ್ಲಿ ಕರೆಂಟ್ ಹುಟ್ಟುವುದು 690 ವೋಲ್ಟಿನಲ್ಲಿ. ಟ್ರಾನ್ಸ್‌ಫಾರ್ಮರ್ ಅದನ್ನು 33 ಸಾವಿರ ವೋಲ್ಟಿಗೆ ಏರಿಸಿ ಸಬ್‌ಸ್ಟೇಷನ್ನಿಗೆ ಕಳಿಸುತ್ತದೆ.

ಪ್ರಶ್ನೆಯಲ್ಲಿ ಒಂದು ಚೂರು ಸತ್ಯವೂ ಇದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರ್, ಆಯಿಲ್ ಪಂಪು, ತಲೆ (ಕಂಬದ ಮೇಲೆ ಕೂತ, ಗೇರ್‌ಬಾಕ್ಸ್ ಜನರೇಟರ್ ಇರುವ ಪೆಟ್ಟಿಗೆ) ತಿರುಗಿಸುವ ಮೋಟರುಗಳಿಗೆ ಲೈನಿನಿಂದಲೇ ಸ್ವಲ್ಪ ಕರೆಂಟ್ ಎಳೆದುಕೊಳ್ಳುತ್ತದೆ. ರೆಕ್ಕೆ ತಿರುಗಿಸಲು ಮಾತ್ರ ಯಾರೂ ಕರೆಂಟ್ ಕೊಡುವುದಿಲ್ಲ.

ಇಷ್ಟು ನಿಧಾನ ತಿರುಗಿದ್ರೆ ಕರೆಂಟ್ ಎಲ್ಲಿಂದ ಬರುತ್ತೆ?

ದೂರದಿಂದ ನೋಡಿ ಮೋಸ ಹೋಗಬೇಡಿ. ಮೂರು ರೆಕ್ಕೆ ಸೇರಿ ಆದ 100 ಮೀಟರ್ ಅಡ್ಡಳತೆಯ ಚಕ್ರ ನಿಮಿಷಕ್ಕೆ 15 ಸುತ್ತು ಹಾಕುತ್ತದೆ ಅಂದುಕೊಳ್ಳಿ. ಅದರ ರೆಕ್ಕೆಯ ತುದಿ ಓಡುವ ವೇಗ ಗಂಟೆಗೆ ಸುಮಾರು 280 ಕಿಲೋಮೀಟರ್. ಬುಡದಲ್ಲಿ ನಿಂತು ಕೇಳಿ, ಕತ್ತಿ ಬೀಸಿದ ಹಾಗೆ ಸುಂಯ್ ಅನ್ನುತ್ತದೆ.

ಇನ್ನೊಂದು ವಿಷಯ. ಗಾಳಿ ರೆಕ್ಕೆಯನ್ನು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಳ್ಳಿಸಿಕೊಂಡು ಹೋದರೆ ಗಾಳಿಗಿಂತ ವೇಗವಾಗಿ ಹೋಗಲು ಆಗುವುದೇ ಇಲ್ಲ. ಈ ರೆಕ್ಕೆಯ ಆಕಾರ ವಿಮಾನದ ರೆಕ್ಕೆಯದು. ಗಾಳಿ ಅದರ ಉಬ್ಬಿದ ಮಗ್ಗುಲಲ್ಲಿ ವೇಗವಾಗಿ ಜಾರುತ್ತದೆ, ಆ ಕಡೆ ಒತ್ತಡ ಕಡಿಮೆಯಾಗುತ್ತದೆ, ರೆಕ್ಕೆ ಆ ಕಡೆಗೆ ಸೆಳೆಯಲ್ಪಡುತ್ತದೆ. ಹಾಗಾಗಿ ತುದಿ ಗಾಳಿಗಿಂತ ಏಳೆಂಟು ಪಟ್ಟು ಜೋರಾಗಿ ಓಡುತ್ತದೆ.

ಮೂರೇ ರೆಕ್ಕೆ ಯಾಕೆ? ಹತ್ತು ಹಾಕಿದ್ರೆ ಜಾಸ್ತಿ ಗಾಳಿ ಸಿಗಲ್ವಾ?

ಸಿಗಲ್ಲ. ತುದಿ ಅಷ್ಟು ವೇಗವಾಗಿ ಓಡುವಾಗ ಮೂರು ರೆಕ್ಕೆಯೇ ಇಡೀ ವೃತ್ತವನ್ನು ಗುಡಿಸಿ ಹಾಕುತ್ತವೆ. ಹತ್ತು ಹಾಕಿದರೆ ಒಂದರ ಹಿಂದಿನ ಕಲಕಿದ ಗಾಳಿಯಲ್ಲಿ ಇನ್ನೊಂದು ಓಡಬೇಕಾಗುತ್ತದೆ, ತೂಕ ಮತ್ತು ಖರ್ಚು ಬೇರೆ. ಎರಡೇ ಹಾಕಿದರೂ ಕರೆಂಟ್ ಬರುತ್ತದೆ. ಆದರೆ ತಲೆ ಗಾಳಿಯತ್ತ ತಿರುಗುವಾಗ ಎರಡು ರೆಕ್ಕೆಯ ಚಕ್ರ ಕುಲುಕಾಡುತ್ತದೆ, ಮೂರು ಇದ್ದರೆ ತೂಕ ಸುತ್ತಲೂ ಸಮನಾಗಿರುತ್ತದೆ. ಡೆನ್ಮಾರ್ಕ್‌ನ ಗೆಡ್ಸರ್‌ನಲ್ಲಿ 1957ರಲ್ಲಿ ಯೊಹಾನೆಸ್ ಯೂಲ್ ಕಟ್ಟಿದ 200 ಕಿಲೋವ್ಯಾಟ್ ಯಂತ್ರಕ್ಕೂ ಮೂರೇ ರೆಕ್ಕೆ. ಅದು ಹತ್ತು ವರ್ಷ ಓಡಿತು. ಇವತ್ತಿನ ಯಂತ್ರಗಳೆಲ್ಲ ಆ ವಂಶದವು.

ಪಕ್ಕಪಕ್ಕದಲ್ಲೇ ಒಂದು ತಿರುಗ್ತಿರುತ್ತೆ, ಇನ್ನೊಂದು ಸುಮ್ನೆ ನಿಂತಿರುತ್ತೆ. ಕೆಟ್ಟೋಗಿದ್ಯಾ?

ಕೆಟ್ಟಿರಬಹುದು. ಒಳಗೆ ನಮ್ಮವರು ಗ್ರೀಸ್ ಹಾಕುತ್ತಿರಬಹುದು. ಆ ಸಾಲಿನ 33 ಕೆವಿ ಲೈನು ಟ್ರಿಪ್ ಆಗಿರಬಹುದು. ಗಾಳಿ ತೀರಾ ಕಡಿಮೆ ಇದ್ದಾಗ ಒಂದಕ್ಕೆ ಸಾಕಾಗಿ ಪಕ್ಕದ್ದಕ್ಕೆ ಸಾಲದೇ ಹೋಗಬಹುದು. ಯಾರು ಎಷ್ಟು ಕರೆಂಟ್ ಕೊಡಬೇಕು ಅಂತ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್‌ನವರು "ಈಗ ಬೇಡ, ಇಳಿಸಿ" ಅಂದಿರಲೂಬಹುದು. ಬುಡದಲ್ಲಿ ಜೀಪು ನಿಂತಿದ್ದರೆ ರಿಪೇರಿ ಅಂತ ತಿಳಿಯಿರಿ.

ಒಂದು ಫ್ಯಾನಿಂದ ಎಷ್ಟು ಮನೆ ದೀಪ ಉರಿಯುತ್ತೆ?

2 ಮೆಗಾವ್ಯಾಟ್ ಯಂತ್ರ ಅಂದರೆ ಒಳ್ಳೇ ಗಾಳಿಯಲ್ಲಿ ಗಂಟೆಗೆ 2 ಸಾವಿರ ಯೂನಿಟ್. ವರ್ಷವಿಡೀ ಅಷ್ಟು ಗಾಳಿ ಇರುವುದಿಲ್ಲವಲ್ಲ. ನಮ್ಮ ಕಡೆ ಒಳ್ಳೇ ಜಾಗದಲ್ಲಿ ವರ್ಷದ ಸರಾಸರಿ ಪೂರ್ಣ ಶಕ್ತಿಯ ಕಾಲು ಭಾಗ, ಸ್ವಲ್ಪ ಜಾಸ್ತಿ ಅಂತ ಹಿಡಿದರೆ ವರ್ಷಕ್ಕೆ 45ರಿಂದ 50 ಲಕ್ಷ ಯೂನಿಟ್. ಗೃಹಜ್ಯೋತಿಯ ಮಿತಿಯ ಹಾಗೆ ಮನೆಗೆ ತಿಂಗಳಿಗೆ 200 ಯೂನಿಟ್ ಅಂದುಕೊಂಡರೆ ಸುಮಾರು 2 ಸಾವಿರ ಮನೆ. ಇದು ವರ್ಷದ ಲೆಕ್ಕ, ದಿನದ್ದಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೇ ಬಂದುಬಿಡುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವುದು ನಮ್ಮ ಕೆಲಸದಲ್ಲಿ ಅಕ್ಷರಶಃ ನಿಜ.

ಈ ಫ್ಯಾನು ಬಂದ ಮೇಲೇ ನಮ್ಮೂರಿಗೆ ಮಳೆ ಹೋಯ್ತು. ಮೋಡ ಓಡಿಸ್ತಾವೆ ಅಲ್ವಾ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಕೆಲವು ಸಲ ಸಿಟ್ಟಿನಲ್ಲಿ ಕೇಳಿದ್ದಾರೆ. ಬೆಳೆ ಒಣಗಿದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ಇಲ್ಲ ಅಂತಲೇ.

ಫ್ಯಾನಿನ ರೆಕ್ಕೆ ತುದಿ ನೆಲದಿಂದ ಹೆಚ್ಚೆಂದರೆ ಇನ್ನೂರು ಚಿಲ್ಲರೆ ಮೀಟರ್ ಮೇಲಿರುತ್ತದೆ. ಮಳೆ ಸುರಿಸುವ ಮೋಡದ ತಲೆ ಹಲವು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಎದುರು ನಮ್ಮ ಫ್ಯಾನು ಹೊಳೆಯಲ್ಲಿ ನೆಟ್ಟ ಗೂಟದ ಹಾಗೆ. ನೀರು ಸ್ವಲ್ಪ ಸುಳಿಯುತ್ತದೆ, ಹೊಳೆ ನಿಲ್ಲುವುದಿಲ್ಲ. ಜೋಗಿಮಟ್ಟಿ ಕಡೆ ಆಷಾಢದಲ್ಲಿ ಮೋಡ ಇಳಿದು ಫ್ಯಾನನ್ನೇ ಮುಚ್ಚಿಬಿಡುತ್ತದೆ. ರೆಕ್ಕೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಮೋಡ ಅಲ್ಲೇ ತಿರುಗುವ ರೆಕ್ಕೆಗಳ ನಡುವೆ ನಿಂತಿರುತ್ತದೆ.

ಚಳ್ಳಕೆರೆ, ಹಿರಿಯೂರು ಕಡೆ ಮಳೆ ಕಡಿಮೆ ಇರುವುದು ಪಶ್ಚಿಮ ಘಟ್ಟದ ಮರೆಯಲ್ಲಿರುವುದಕ್ಕೆ. ಮೋಡ ಘಟ್ಟದಲ್ಲೇ ನೀರು ಸುರಿಸಿ ಹಗುರಾಗಿ ಬರುತ್ತದೆ. 1876–78ರ ಧಾತು, ಈಶ್ವರ ಸಂವತ್ಸರದ ಬರ ಬಂದಾಗ ಇಲ್ಲಿ ಒಂದು ಫ್ಯಾನೂ ಇರಲಿಲ್ಲ. ಗಾಳಿ ಜೋರಿರುವ, ಮಳೆ ಕಡಿಮೆ ಇರುವ ಬೋಳು ಗುಡ್ಡ ನೋಡಿಯೇ ಕಂಪನಿಗಳು ಬಂದದ್ದು. ಬರ ಮೊದಲು, ಫ್ಯಾನು ಆಮೇಲೆ.

ಒಂದು ಸಣ್ಣ ಪರಿಣಾಮ ಇರುವುದು ನಿಜ. ರಾತ್ರಿ ಹೊತ್ತು ಮೇಲಿನ ಬೆಚ್ಚಗಿನ ಗಾಳಿಯನ್ನು ರೆಕ್ಕೆಗಳು ಕೆಳಗೆ ಬೆರೆಸುತ್ತವೆ, ಫ್ಯಾನುಗಳ ಸುತ್ತ ನೆಲದ ತಾಪ ಚೂರು ಏರುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದಿಂದ ಅಳೆದು 2012ರಲ್ಲಿ ಇದನ್ನು ತೋರಿಸಿದರು.

ನಮ್ ಹೊಲದಲ್ಲಿ ಒಂದು ಹಾಕಿದ್ರೆ ಸುತ್ತ ಬೆಳೆ ಇಡಬಹುದಾ?

ಇಡಬಹುದು. ಬುಡದ ಕಾಂಕ್ರೀಟ್ ಹದಿನಾರು-ಹದಿನೆಂಟು ಮೀಟರ್ ಅಗಲದ ದುಂಡು ಹಾಸು, ಅದರ ಬಹುಪಾಲು ಮಣ್ಣಿನಡಿ ಮುಚ್ಚಿರುತ್ತದೆ. ರಸ್ತೆಗೆ, ಕ್ರೇನ್ ನಿಲ್ಲುವ ಜಾಗಕ್ಕೆ ಬೇರೆ ನೆಲ ಹೋಗುತ್ತದೆ. ಶೇಂಗಾ, ಮೆಕ್ಕೆಜೋಳ ಫ್ಯಾನಿನ ಬುಡದವರೆಗೂ ಬೆಳೆಯುತ್ತಾರೆ. ಕರಾರಿಗೆ ಸಹಿ ಹಾಕುವ ಮುಂಚೆ ರಸ್ತೆ ಎಲ್ಲಿ ಬರುತ್ತದೆ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ. ಜಗಳ ಆಗುವುದೆಲ್ಲ ರಸ್ತೆ ವಿಷಯಕ್ಕೇ.

## ಗಾಳಿಯ ಲೆಕ್ಕ

ಗಾಳಿ ಎರಡು ಪಟ್ಟಾದ್ರೆ ಕರೆಂಟೂ ಎರಡು ಪಟ್ಟಾಗುತ್ತಾ?

ಎಂಟು ಪಟ್ಟು. ಗಾಳಿ ಎರಡು ಪಟ್ಟು ಜೋರಾದರೆ ಅದೇ ಹೊತ್ತಿನಲ್ಲಿ ಎರಡು ಪಟ್ಟು ಗಾಳಿ ಚಕ್ರದೊಳಗೆ ಹಾಯುತ್ತದೆ. ಆ ಒಂದೊಂದು ಕಿಲೋ ಗಾಳಿಯಲ್ಲಿರುವ ಶಕ್ತಿಯೂ ನಾಲ್ಕು ಪಟ್ಟಾಗಿರುತ್ತದೆ. ಎರಡು ನಾಲ್ಕಲೆ ಎಂಟು.

ನಮ್ಮ 100 ಮೀಟರ್ ಚಕ್ರವನ್ನೇ ತಗೊಳ್ಳಿ. ಸೆಕೆಂಡಿಗೆ 8 ಮೀಟರ್ ಗಾಳಿ ಇದ್ದಾಗ ಪ್ರತಿ ಸೆಕೆಂಡೂ ಸುಮಾರು 66 ಟನ್ ಗಾಳಿ ಅದರೊಳಗೆ ಹಾದುಹೋಗುತ್ತದೆ. ಮೂರ್ನಾಲ್ಕು ಲೋಡ್ ಮರಳಿನ ತೂಕ! ಗಾಳಿಗೆ ತೂಕವೇ ಇಲ್ಲ ಅನ್ನುವವರಿಗೆ ನಾನು ಹೇಳುವ ಲೆಕ್ಕ ಇದು. ಆಗ ಸುಮಾರು 900 ಕಿಲೋವ್ಯಾಟ್ ಸಿಗುತ್ತದೆ. ಗಾಳಿ 4 ಮೀಟರಿಗೆ ಇಳಿದರೆ 110ರ ಆಸುಪಾಸು.

ಅಂದ ಹಾಗೆ, ನಮ್ಮ ಗುಡ್ಡಗಳು ಸಮುದ್ರಮಟ್ಟದಿಂದ ಎತ್ತರ, ಬಿಸಿಲೂ ಜಾಸ್ತಿ. ಹಾಗಾಗಿ ಗಾಳಿ ತೆಳು. ಡೆನ್ಮಾರ್ಕ್‌ನ ಕಡಲತೀರದಲ್ಲಿ ಅದೇ ವೇಗಕ್ಕೆ ಸಿಗುವ ಕರೆಂಟಿಗಿಂತ ಇಲ್ಲಿ ನೂರಕ್ಕೆ ಸುಮಾರು 15 ಕಡಿಮೆ.

ಬರೋ ಗಾಳಿನ ಪೂರ್ತಿ ಹೀರಿಕೊಳ್ಳೋ ಹಾಗೆ ಮಾಡಬಹುದಲ್ಲ?

ಪೂರ್ತಿ ಹೀರಿದರೆ ಗಾಳಿ ಚಕ್ರದ ಹಿಂದೆಯೇ ನಿಂತುಬಿಡುತ್ತದೆ. ನಿಂತ ಗಾಳಿ ಜಾಗ ಬಿಡದಿದ್ದರೆ ಹೊಸ ಗಾಳಿ ಎಲ್ಲಿಂದ ಬರಬೇಕು? ಜಾತ್ರೆಯಲ್ಲಿ ದೇವಸ್ಥಾನದ ಹಿಂದಿನ ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ. ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಇದರ ಲೆಕ್ಕ ಹಾಕಿದ. ಎಂಥ ಯಂತ್ರ ಮಾಡಿದರೂ ನೂರಕ್ಕೆ 59.3ಕ್ಕಿಂತ ಜಾಸ್ತಿ ತೆಗೆಯಲಾಗದು. ನಿಜದ ಯಂತ್ರಗಳು 40–45ರ ಹತ್ತಿರ ಬರುತ್ತವೆ. ಹತ್ತು ಪಟ್ಟು ಕರೆಂಟ್ ಕೊಡುವ ಹೊಸ ಫ್ಯಾನು ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂದರೆ ಬೆಟ್ಜ್‌ನನ್ನು ನೆನೆಸಿಕೊಳ್ಳಿ.

ಮೊದಲೆಲ್ಲ ಗುಡ್ಡದ ಮೇಲೆ ಇರ್ತಿದ್ವು. ಈಗ ಬಯಲಲ್ಲೂ ಹಾಕ್ತಿದಾರಲ್ಲ?

ಕಂಬ ಎತ್ತರವಾಯಿತು, ಅದಕ್ಕೆ. ನೆಲದ ಹತ್ತಿರ ಮರ, ಮನೆ, ದಿಬ್ಬ ಗಾಳಿಯ ಕಾಲು ಹಿಡಿಯುತ್ತವೆ. ಮೇಲೆ ಹೋದಷ್ಟೂ ಅಡ್ಡಿ ಕಡಿಮೆ. ಸಾಮಾನ್ಯ ಬಯಲಲ್ಲಿ 80 ಮೀಟರಿನಿಂದ 120 ಮೀಟರಿಗೆ ಏರಿದರೆ ಗಾಳಿ ನೂರಕ್ಕೆ 6ರಷ್ಟು ಹೆಚ್ಚಬಹುದು. ಎಂಟು ಪಟ್ಟಿನ ಲೆಕ್ಕ ಹಾಕಿದ ಹಾಗೆ ಹಾಕಿದರೆ ಶಕ್ತಿ ನೂರಕ್ಕೆ ಸುಮಾರು 19ರಷ್ಟು ಹೆಚ್ಚು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 120 ಮೀಟರ್ ಎತ್ತರದಲ್ಲಿ ಕರ್ನಾಟಕಕ್ಕೆ ಸುಮಾರು 124 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್) ಅವಕಾಶ ಇದೆ ಅಂತ ಅಂದಾಜು ಮಾಡಿದೆ. ಇಡೀ ದೇಶದಲ್ಲಿ 2025ರ ಮಾರ್ಚ್ ಕೊನೆಗೆ ಹಾಕಿದ್ದದ್ದು 50 ಗಿಗಾವ್ಯಾಟ್.

ನಮ್ಮನೆ ತಾರಸಿ ಮೇಲೆ ಒಂದು ಸಣ್ಣದು ಹಾಕ್ಕೊಳ್ಳಲಾ?

ಬೇಡ. ಊರೊಳಗೆ ಗಾಳಿ ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ಇದ್ದರೆ ಹೆಚ್ಚು, ಅದೂ ಪಕ್ಕದ ಮನೆಗೆ ಬಡಿದು ಕಲಕಿ ಬರುತ್ತದೆ. 2 ಮೀಟರ್ ಅಡ್ಡಳತೆಯ ಫ್ಯಾನಿಗೆ 4 ಮೀಟರ್ ಗಾಳಿಯಲ್ಲಿ ಸಿಗುವುದು ಮೂವತ್ತು ವ್ಯಾಟ್ ಚಿಲ್ಲರೆ. ಆ ದುಡ್ಡಿಗೆ ಸೋಲಾರ್ ಹಾಕಿಸಿ.

## ಜೋರು ಗಾಳಿ ಬಂದಾಗ

ಗಾಳಿ ಜೋರಾದ್ರೆ ಆಫ್ ಮಾಡ್ತೀರಂತೆ. ಜೋರಾದಾಗಲೇ ಅಲ್ವಾ ಲಾಭ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಗಾಳಿ ಹಿಡಿಯುವುದು ಫ್ಯಾನಿಗೆ ಸುಲಭದ ಕೆಲಸ. ಬೇಡದ ಗಾಳಿಯನ್ನು ಬಿಡುವುದೇ ಕಷ್ಟದ ಕೆಲಸ.

ಸೆಕೆಂಡಿಗೆ 3 ಮೀಟರ್ ಆಸುಪಾಸು ಗಾಳಿ ಬಂದರೆ ಫ್ಯಾನು ಕೆಲಸ ಶುರು ಮಾಡುತ್ತದೆ. ಎಲೆ ಅಲ್ಲಾಡುವ ಗಾಳಿ ಅದು. ಅಲ್ಲಿಂದ 11–12 ಮೀಟರ್‌ವರೆಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಜನರೇಟರ್ ಹೊಟ್ಟೆ ತುಂಬಿರುತ್ತದೆ. 2 ಮೆಗಾವ್ಯಾಟ್ ಜನರೇಟರಿಗೆ ಅದಕ್ಕಿಂತ ಜಾಸ್ತಿ ಕೊಟ್ಟರೆ ಸುಟ್ಟುಹೋಗುತ್ತದೆ. ಗಾಳಿ ಮಾತ್ರ ನಿಲ್ಲುವುದಿಲ್ಲವಲ್ಲ. 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿಲೋಮೀಟರ್ ಬೀಸುವಾಗ, ಆ 100 ಮೀಟರ್ ಚಕ್ರದ ಮೇಲೆ ಬಂದು ಬೀಳುವ ಶಕ್ತಿ 64 ಮೆಗಾವ್ಯಾಟ್. ನಮಗೆ ಬೇಕಾದದ್ದು ಅದರಲ್ಲಿ 2. ಉಳಿದ 62 ಅನ್ನು ಮುಟ್ಟದೆ ಕಳಿಸಬೇಕು.

ಹೇಗೆ? ಜೋರು ಗಾಳಿಯಲ್ಲಿ ಕೈಯಲ್ಲಿ ಮೊರ ಹಿಡಿದು ನೋಡಿ. ಅಗಲ ಕೊಟ್ಟರೆ ನಿಮ್ಮನ್ನೇ ತಳ್ಳಿಕೊಂಡು ಹೋಗುತ್ತದೆ. ಅಂಚು ಕೊಟ್ಟರೆ ಸುಮ್ಮನಾಗುತ್ತದೆ. ಫ್ಯಾನಿನ ಒಂದೊಂದು ರೆಕ್ಕೆಯೂ ಬುಡದಲ್ಲಿ ಬೇರಿಂಗ್ ಮೇಲೆ ಕೂತಿರುತ್ತದೆ, ತನ್ನ ಉದ್ದದ ಸುತ್ತ ತಾನೇ ಹೊರಳಬಲ್ಲದು. ನಾವು ಇದಕ್ಕೆ ಪಿಚ್ ಅನ್ನುತ್ತೇವೆ. ಗಾಳಿ ಹೆಚ್ಚಿದ ಹಾಗೆಲ್ಲ ರೆಕ್ಕೆ ಸ್ವಲ್ಪ ಸ್ವಲ್ಪವೇ ಅಂಚು ಕೊಡುತ್ತ ಹೋಗುತ್ತದೆ, 2 ಮೆಗಾವ್ಯಾಟಿಗೆ ಬೇಕಾದಷ್ಟೇ ಹಿಡಿಯುತ್ತದೆ. 20ರಿಂದ 25 ಮೀಟರ್ ಹತ್ತಿರ ಬಂದಾಗ 90 ಡಿಗ್ರಿ ಹೊರಳಿ ಪೂರ್ತಿ ಅಂಚು ಕೊಟ್ಟು ಕೆಲಸ ನಿಲ್ಲಿಸುತ್ತದೆ.

ಜನ ನಂಬದ ಮಾತೊಂದು ಹೇಳುತ್ತೇನೆ. ಕೆಲಸ ಮಾಡುವ ಫ್ಯಾನಿನ ಕಂಬಕ್ಕೆ ಅತಿ ಹೆಚ್ಚು ತಳ್ಳು ಬೀಳುವುದು 20 ಮೀಟರ್ ಬಿರುಗಾಳಿಯಲ್ಲಲ್ಲ, 11 ಮೀಟರ್ ಹತ್ತಿರ. ಆಗ ರೆಕ್ಕೆ ಪೂರ್ತಿ ಎದೆ ಕೊಟ್ಟು ನಿಂತಿರುತ್ತದೆ, 35–40 ಟನ್ ತೂಕದಷ್ಟು ಬಲ ಹಿಂದಕ್ಕೆ ತಳ್ಳುತ್ತಿರುತ್ತದೆ. ಗಾಳಿ ಇನ್ನೂ ಏರಿದರೆ ರೆಕ್ಕೆ ಅಂಚು ಕೊಡುವುದರಿಂದ ತಳ್ಳು ಇಳಿಯುತ್ತದೆ.

ಇನ್ನು ಲಾಭದ ಮಾತು. 25 ಮೀಟರ್ ಗಾಳಿ ವರ್ಷದಲ್ಲಿ ಬೆರಳೆಣಿಕೆಯ ಗಂಟೆ ಬರುತ್ತದೆ. ಅದಕ್ಕೋಸ್ಕರ ಯಂತ್ರವನ್ನು ಮೂರು ಪಟ್ಟು ಗಟ್ಟಿ ಮಾಡುವುದು ಯಾರಿಗೂ ಗಿಟ್ಟುವುದಿಲ್ಲ. ಕಣದಲ್ಲಿ ರಾಗಿ ತೂರುವವರೂ ಗಾಳಿ ತೀರಾ ಜೋರಾದರೆ ಮೊರ ಕೆಳಗಿಡುತ್ತಾರೆ. ಹೊಟ್ಟಿನ ಜೊತೆ ಕಾಳೂ ಹೋಗುತ್ತದೆ.

ಇದ್ದಕ್ಕಿದ್ದ ಹಾಗೆ ಒಂದು ಹೊಡೆತ ಬೀಸಿದ್ರೆ? ರೆಕ್ಕೆ ಹೊರಳೋಕೆ ಟೈಮ್ ಬೇಕಲ್ವಾ?

ಬೇಕು. ರೆಕ್ಕೆ ಸೆಕೆಂಡಿಗೆ ಕೆಲವೇ ಡಿಗ್ರಿ ಹೊರಳುತ್ತದೆ. ಅಷ್ಟರೊಳಗೆ ಬಂದ ಹೊಡೆತವನ್ನು ಚಕ್ರವೇ ನುಂಗುತ್ತದೆ. ಈಗಿನ ಯಂತ್ರಗಳಲ್ಲಿ ಚಕ್ರದ ವೇಗ ಒಂದು ಮಿತಿಯೊಳಗೆ ಏರಿಳಿಯಬಹುದು. ಹೊಡೆತ ಬಂದಾಗ ಚಕ್ರ ಸ್ವಲ್ಪ ಜೋರಾಗಿ ತಿರುಗಿ ಆ ಶಕ್ತಿಯನ್ನು ತನ್ನ ಭಾರದಲ್ಲೇ ಇಟ್ಟುಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಬಿಟ್ಟುಕೊಡುತ್ತದೆ. ರೆಕ್ಕೆಯೂ ಬಾಗುತ್ತದೆ. ಗ್ಲಾಸ್ ಫೈಬರ್, ಒಳಗೆ ಬಾಲ್ಸಾ ಅನ್ನುವ ಹಗುರ ಮರ. ಬಾಗಿ ಕಂಬಕ್ಕೆ ಬಡಿಯಬಾರದು ಅಂತ ಚಕ್ರವನ್ನೇ ಕೆಲವು ಡಿಗ್ರಿ ಮೇಲಕ್ಕೆ ವಾಲಿಸಿ ಕೂರಿಸಿರುತ್ತಾರೆ.

1990ರ ದಶಕದ ಸಣ್ಣ ಯಂತ್ರಗಳಲ್ಲಿ ಹಲವಕ್ಕೆ ಈ ಸೌಕರ್ಯ ಇರಲಿಲ್ಲ. ರೆಕ್ಕೆ ಹೊರಳುತ್ತಿರಲಿಲ್ಲ, ವೇಗವೂ ಬದಲಾಗುತ್ತಿರಲಿಲ್ಲ. ಗಾಳಿ ಜೋರಾದಾಗ ರೆಕ್ಕೆಯ ಬೆನ್ನ ಮೇಲಿನ ಗಾಳಿ ತಾನೇ ಕಿತ್ತುಕೊಂಡು ಸೆಳೆತ ಕಡಿಮೆಯಾಗುವ ಹಾಗೆ ಆಕಾರ ಮಾಡಿರುತ್ತಿದ್ದರು. ಜಾಣತನದ ಉಪಾಯವೇ. ಆದರೆ ಪ್ರತಿ ಹೊಡೆತವೂ ನೇರ ಗೇರ್‌ಬಾಕ್ಸಿನ ಹಲ್ಲಿಗೆ ಬೀಳುತ್ತಿತ್ತು.

ಕರೆಂಟೇ ಹೋದ್ರೆ ರೆಕ್ಕೆ ಹೊರಳಿಸೋದು ಹೇಗೆ? ಬ್ರೇಕ್ ಇರುತ್ತಾ?

ಲೈನು ಹೋಯಿತು ಅಂದರೆ ಜನರೇಟರಿನ ಹೊರೆ ಒಂದೇ ಕ್ಷಣದಲ್ಲಿ ಇಳಿಯುತ್ತದೆ. ಏರಿನಲ್ಲಿ ಹಗ್ಗ ತುಂಡಾದ ಎತ್ತಿನ ಹಾಗೆ ಚಕ್ರ ಮುನ್ನುಗ್ಗುತ್ತದೆ. ಅದಕ್ಕಾಗಿ ಚಕ್ರದ ಮೂತಿಯೊಳಗೆ ಒಂದೊಂದು ರೆಕ್ಕೆಗೂ ಬೇರೆ ಬೇರೆ ಬ್ಯಾಟರಿ ಇರುತ್ತದೆ. ಕೆಲವು ಯಂತ್ರಗಳಲ್ಲಿ ಬ್ಯಾಟರಿ ಬದಲು ಒತ್ತಡದಲ್ಲಿ ತುಂಬಿಟ್ಟ ಹೈಡ್ರಾಲಿಕ್ ಆಯಿಲ್. ಕರೆಂಟ್ ಹೋದ ತಕ್ಷಣ ಮೂರೂ ರೆಕ್ಕೆ ತಮ್ಮ ಪಾಡಿಗೆ ತಾವು ಅಂಚು ಕೊಡುತ್ತವೆ. ಒಂದು ಕೈಕೊಟ್ಟರೂ ಉಳಿದೆರಡು ಚಕ್ರವನ್ನು ತಗ್ಗಿಸುತ್ತವೆ.

ಡಿಸ್ಕ್ ಬ್ರೇಕೂ ಇದೆ. ಅದು ಹೆಚ್ಚಾಗಿ ನಿಂತ ಚಕ್ರವನ್ನು ಹಿಡಿದಿಡಲು. ಬಿರುಗಾಳಿಯಲ್ಲಿ ಚಕ್ರವನ್ನು ಕಟ್ಟಿಹಾಕುವುದಿಲ್ಲ, ಅಂಚು ಕೊಟ್ಟು ಸಡಿಲ ಬಿಡುತ್ತೇವೆ. ಕಟ್ಟಿದರೆ ಗೇರಿನ ಅದೇ ಎರಡು ಹಲ್ಲು ರಾತ್ರಿಯೆಲ್ಲ ಪೆಟ್ಟು ತಿನ್ನುತ್ತವೆ.

ಫ್ಯಾನೊಂದು ಹುಚ್ಚು ಹಿಡಿದ ಹಾಗೆ ತಿರುಗಿ ಪುಡಿಪುಡಿಯಾಗುವ ವಿಡಿಯೋ ನೀವು ನೋಡಿರಬಹುದು. ಅದು ಡೆನ್ಮಾರ್ಕ್‌ನ ಹಾರ್ನ್‌ಸ್ಲೆಟ್‌ನದು, 2008ರ ಫೆಬ್ರವರಿ. ಬ್ರೇಕ್ ಕೆಲಸ ಮಾಡಲಿಲ್ಲ, ರೆಕ್ಕೆ ಮುರಿದು ಕಂಬಕ್ಕೆ ಬಡಿಯಿತು. ಬ್ಯಾಟರಿ ಟೆಸ್ಟ್ ಮಾಡದೆ ಟಿಕ್ ಹಾಕುವ ಹೊಸ ಹುಡುಗರಿಗೆ ನಾನು ಅದನ್ನೇ ತೋರಿಸುತ್ತಿದ್ದೆ.

ಗಾಳಿ ದಿಕ್ಕು ಬದಲಾದ್ರೆ?

ತಲೆ ತಿರುಗುತ್ತದೆ. ನೆತ್ತಿಯ ಮೇಲೆ ಗಾಳಿಯ ದಿಕ್ಕು, ವೇಗ ಅಳೆಯುವ ಪುಟ್ಟ ಉಪಕರಣಗಳಿರುತ್ತವೆ. ಅವು ಹೇಳಿದ ಕಡೆಗೆ ಮೋಟರುಗಳು ಇಡೀ ತಲೆಯನ್ನು ನಿಧಾನವಾಗಿ ತಿರುಗಿಸುತ್ತವೆ. ಒಂದೇ ಕಡೆ ತಿರುಗುತ್ತಾ ಹೋದರೆ ಕಂಬದೊಳಗೆ ಇಳಿಬಿದ್ದ ಕೇಬಲ್ ಹುರಿಯಾಗುತ್ತದೆ. ಮೂರ್ನಾಲ್ಕು ಸುತ್ತಾದ ಮೇಲೆ ಫ್ಯಾನು ತಾನೇ ನಿಂತು ಹಿಂದಕ್ಕೆ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಒಳ್ಳೇ ಗಾಳಿಯಲ್ಲಿ ಫ್ಯಾನು ಬೆನ್ನು ಹಾಕುತ್ತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ.

ಒಂದು ಶ್ರಾವಣದಲ್ಲಿ ನಮ್ಮದೊಂದು ಫ್ಯಾನು ದಿನಕ್ಕೆ ಐದಾರು ಸಲ ನಿಲ್ಲುತ್ತಿತ್ತು. ಪರದೆ ಮೇಲೆ "ಗಾಳಿ 0, ಕರೆಂಟ್ 600 ಕಿಲೋವ್ಯಾಟ್" ಅಂತ ಬರುತ್ತಿತ್ತು. ಗಾಳಿಯೇ ಇಲ್ಲದೆ ಕರೆಂಟ್ ಹುಟ್ಟುತ್ತಿದೆ ಅಂದರೆ ಏನೋ ಎಡವಟ್ಟು ಅಂತ ಕಂಪ್ಯೂಟರ್ ನಿಲ್ಲಿಸುತ್ತಿತ್ತು. ಅದರ ತಪ್ಪಿಲ್ಲ. ಹತ್ತಿ ನೋಡಿದರೆ ಗಾಳಿ ಅಳೆಯುವ ಬಟ್ಟಲುಗಳ ಬೇರಿಂಗಿಗೆ ಕೆಂಪು ಧೂಳು ಸೇರಿ ಬಿಗಿದುಕೊಂಡಿತ್ತು. ಅಂಗೈ ಅಗಲದ ವಸ್ತು. ನಾಲ್ಕು ದಿನದ ಗಾಳಿ ಹೋಯಿತು.

ಮೇಲೆ ಹತ್ತಿದ್ರೆ ಅಲ್ಲಾಡುತ್ತಂತೆ, ಹೌದಾ?

ಹೌದು, ಅಲ್ಲಾಡಲೇಬೇಕು. ಮೊದಲ ಸಲ ಹತ್ತಿದಾಗ ನಾನು ಏಣಿಯ ಕೊನೆ ಮೆಟ್ಟಿಲಲ್ಲಿ ಕೈಬಿಡದೆ ನಿಂತುಬಿಟ್ಟಿದ್ದೆ. ಬೆಲ್ಟಿನ ಕೊಕ್ಕೆ ಕಂಬಿಗೆ ಸಿಕ್ಕಿಸಿದ್ದರೂ ಕೈ ಬಿಡಲು ಮನಸ್ಸು ಬರಲಿಲ್ಲ. ಒಳಗೆ ಗೇರ್ ಆಯಿಲಿನ ಬಿಸಿ ವಾಸನೆ. ಜೊತೆಗಿದ್ದ ಹಿರಿಯರು ನಗುತ್ತಾ ತಮ್ಮ ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿ ಅದರೊಳಗಿನ ಗುಳ್ಳೆ ತೋರಿಸಿದರು. ಮೂರು ಸೆಕೆಂಡಿಗೊಮ್ಮೆ ಗುಳ್ಳೆ ಆ ಕಡೆಯಿಂದ ಈ ಕಡೆಗೆ ಹೋಗಿ ಬರುತ್ತಿತ್ತು. "ಗುಳ್ಳೆ ಓಡ್ತಿದೆ ಅಂದ್ರೆ ಕಂಬ ಆರೋಗ್ಯವಾಗಿದೆ ತಮ್ಮಾ" ಅಂದರು.

ಆ ಲಯದಲ್ಲೇ ಗುಟ್ಟಿರುವುದು. ಉಯ್ಯಾಲೆಯ ಹಾಗೆ ಕಂಬಕ್ಕೂ ತನ್ನದೇ ತೂಗು ಲಯ ಇದೆ. ಚಕ್ರ ಸುತ್ತುವ ಲಯ, ರೆಕ್ಕೆಗಳು ಒಂದಾದ ಮೇಲೊಂದು ಕಂಬದ ಮುಂದೆ ಹಾಯುವ ಲಯ, ಇವೆರಡರಲ್ಲಿ ಯಾವುದೂ ಕಂಬದ ಲಯಕ್ಕೆ ಕೂಡಬಾರದು. ಕೂಡಿದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ತೂಗು ಏರುತ್ತಲೇ ಹೋಗುತ್ತದೆ. ಅಂಥ ವೇಗ ದಾರಿಯಲ್ಲಿ ಬಂದರೆ ಕಂಪ್ಯೂಟರ್ ಅಲ್ಲಿ ನಿಲ್ಲದೆ ಬೇಗ ದಾಟಿಸುತ್ತದೆ.

ಸಿಡಿಲು ಹೊಡೆದ್ರೆ?

ಹೊಡೆಯುತ್ತದೆ, ಬಯಲಲ್ಲಿ ಅತಿ ಎತ್ತರದ ವಸ್ತು ಅದೇ ತಾನೇ. ರೆಕ್ಕೆಯ ತುದಿಯಲ್ಲಿ ಲೋಹದ ಬಿಲ್ಲೆ ಇರುತ್ತದೆ, ಅಲ್ಲಿಂದ ಒಳಗೊಳಗೇ ತಂತಿ ನೆಲದವರೆಗೆ ಬರುತ್ತದೆ. ಬಹಳ ಸಲ ಹಾಗೇ ಇಳಿದುಹೋಗುತ್ತದೆ. ಬಿಲ್ಲೆ ತಪ್ಪಿಸಿ ಫೈಬರಿಗೆ ಹೊಡೆದರೆ ಒಳಗಿನ ತೇವ ಆವಿಯಾಗಿ ರೆಕ್ಕೆ ಒಣ ಬಿದಿರಿನ ಹಾಗೆ ಸೀಳುತ್ತದೆ. ಗುಡುಗು ಕೇಳಿದರೆ ಬುಡದಲ್ಲಿ ನಿಲ್ಲಬೇಡಿ.

ಚಂಡಮಾರುತ ಬಂದ್ರೆ ಉಳಿಯುತ್ತಾ?

ಯಾವ ಜಾಗಕ್ಕೆ ಯಾವ ಯಂತ್ರ ಅನ್ನುವುದರ ಮೇಲೆ ಹೋಗುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರು ದರ್ಜೆ ಇವೆ. ಮೊದಲ ದರ್ಜೆಯದು ಸೆಕೆಂಡಿಗೆ 70 ಮೀಟರ್ ಹೊಡೆತ ತಡೆಯಬೇಕು, ಎರಡನೆಯದು 59.5, ಮೂರನೆಯದು 52.5. ಗಾಳಿ ಕಡಿಮೆ ಇರುವ ನಮ್ಮಂಥ ಒಳನಾಡಿಗೆ ಹೆಚ್ಚಾಗಿ ಮೂರನೇ ದರ್ಜೆ. ಕಂಬ ಹಗುರ, ರೆಕ್ಕೆ ಉದ್ದ. 52.5 ಅಂದರೂ ಗಂಟೆಗೆ 189 ಕಿಲೋಮೀಟರ್.

ಮಿತಿ ಮೀರಿದರೆ ಬೀಳುತ್ತವೆ. 2003ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಮಿಯಾಕೊ ದ್ವೀಪಕ್ಕೆ ಮೇಮಿ ಚಂಡಮಾರುತ ಬಂದಾಗ ಸೆಕೆಂಡಿಗೆ 74 ಮೀಟರ್ ಹೊಡೆತ ದಾಖಲಾಯಿತು. ಕರೆಂಟ್ ಹೋಗಿ ತಲೆ ತಿರುಗಿಸಲಾಗದೆ ಫ್ಯಾನುಗಳು ಗಾಳಿಗೆ ಅಡ್ಡ ಸಿಕ್ಕವು. ಕೆಲವು ನೆಲಕ್ಕುರುಳಿದವು.

ನಮಗೆ ಆಷಾಢದ ಗಾಳಿ ಭಯವಿಲ್ಲ. ಅದು ಪಶ್ಚಿಮದಿಂದ ಒಂದೇ ಸಮ ಬೀಸುವ ನೇರ ಮನುಷ್ಯ. ಕಾಟ ಕೊಡುವುದು ಭರಣಿ, ಕೃತ್ತಿಕೆ ಮಳೆಯ ಹೊತ್ತಿನ ಬಿರುಗಾಳಿ. ಸಂಜೆವರೆಗೆ ಎಲೆ ಅಲ್ಲಾಡದ ಸೆಕೆ, ಆಮೇಲೆ ಹತ್ತು ನಿಮಿಷದಲ್ಲಿ ದಿಕ್ಕೇ ತಿರುಗಿ ಧೂಳೆಬ್ಬಿಸಿಕೊಂಡು ಬರುತ್ತದೆ.

## ಓದುವ ಹುಡುಗರ ಪ್ರಶ್ನೆಗಳು

ಗಾಳಿ ಏರಿಳಿದ್ರೂ 50 ಹರ್ಟ್ಸ್ ಹೇಗೆ ಕರೆಕ್ಟಾಗಿ ಬರುತ್ತೆ ಸರ್?

ನಾಲ್ಕು ಪೋಲಿನ (ಅಯಸ್ಕಾಂತ ಧ್ರುವದ) ಜನರೇಟರ್ ನಿಮಿಷಕ್ಕೆ 1500 ಸುತ್ತಿನಲ್ಲಿ 50 ಹರ್ಟ್ಸ್ ಕೊಡುತ್ತದೆ ಅಂತ ಓದಿದ್ದೀರಿ. ಆದರೆ ಗಾಳಿಗೆ ತಕ್ಕಂತೆ ಅದು 1200 ಸುತ್ತಿಗೂ ಇಳಿಯಬಹುದು, 1800ಕ್ಕೂ ಏರಬಹುದು. ಓಡುವ ರೈಲನ್ನು ಕಲ್ಪಿಸಿಕೊಳ್ಳಿ. ರೈಲು 40ರಲ್ಲಿ ಹೋಗುವಾಗ ಒಳಗಿರುವವನು ಮುಂದಕ್ಕೆ 10ರಲ್ಲಿ ಓಡಿದರೆ, ಹೊರಗೆ ನಿಂತವನಿಗೆ ಅವನು 50ರಲ್ಲಿ ಹೋದ ಹಾಗೆ ಕಾಣುತ್ತದೆ. ರೈಲು 60 ಆದರೆ ಅವನು ಹಿಂದಕ್ಕೆ 10ರಲ್ಲಿ ಓಡಬೇಕು. ಜನರೇಟರಿನ ಒಳಗೆ ತಿರುಗುವ ಭಾಗ, ರೋಟರ್, ಆ ರೈಲು. ಅದರ ಸುರುಳಿಯಲ್ಲಿ ಕನ್ವರ್ಟರ್ (ಕರೆಂಟಿನ ಹರ್ಟ್ಸ್ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಓಡಿಸುವ ಅಯಸ್ಕಾಂತ ಕ್ಷೇತ್ರವೇ ಒಳಗೆ ಓಡುವವನು. 1200 ಸುತ್ತು ಅಂದರೆ 40 ಹರ್ಟ್ಸ್, ಅದಕ್ಕೆ 10 ಹರ್ಟ್ಸ್ ಮುಂದಕ್ಕೆ; 1800 ಅಂದರೆ 60, ಅದಕ್ಕೆ 10 ಹರ್ಟ್ಸ್ ಹಿಂದಕ್ಕೆ. ಹೊರಗೆ ತಿರುಗದೆ ನಿಂತ ಭಾಗ, ಸ್ಟೇಟರ್, ಯಾವಾಗಲೂ 50 ನೋಡುತ್ತದೆ. ಕನ್ವರ್ಟರಿನಲ್ಲಿ ಒಟ್ಟು ಶಕ್ತಿಯ ಮೂರನೇ ಒಂದರಷ್ಟು ಹಾದರೆ ಸಾಕು, ಅದಕ್ಕೇ ಇದು ಅಗ್ಗ.

ಗೇರ್‌ಬಾಕ್ಸ್ ಇಲ್ಲದ ಫ್ಯಾನೂ ಇದ್ಯಂತೆ?

ಇದೆ. ನಿಮಿಷಕ್ಕೆ ಹದಿನೈದೇ ಸುತ್ತಿನಲ್ಲಿ ಕರೆಂಟ್ ತೆಗೆಯಲು ಜನರೇಟರನ್ನೇ ಹಲವು ಮೀಟರ್ ಅಗಲದ ಉಂಗುರದ ಹಾಗೆ ಮಾಡುತ್ತಾರೆ. ಗೇರ್ ಸವೆಯುವ ಕಾಟ ಇಲ್ಲ, ಬದಲಿಗೆ ತಲೆ ಭಾರ, ಬೆಲೆ ಜಾಸ್ತಿ. ಇದರಲ್ಲಿ ಪೂರ್ತಿ ಕರೆಂಟ್ ಕನ್ವರ್ಟರ್ ಮೂಲಕವೇ ಹೋಗಬೇಕು.

ನಾಳೆ ಎಷ್ಟು ಗಾಳಿ ಬರುತ್ತೆ ಅಂತ ಗ್ರಿಡ್‌ನವರಿಗೆ ಹೇಗೆ ಹೇಳ್ತೀರಿ?

ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಎಷ್ಟು ಕೊಡುತ್ತೇವೆ ಅಂತ ಮುಂಚೆಯೇ ಬರೆದುಕೊಡಬೇಕು. ಹವಾಮಾನದ ಮಾದರಿ, ಹಳೇ ದಾಖಲೆ ಸೇರಿಸಿ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಲೆಕ್ಕ ತೀರಾ ತಪ್ಪಿದರೆ ದಂಡ. ನಮ್ಮ ರಾಜ್ಯಕ್ಕೆ ಒಂದು ಅದೃಷ್ಟ ಇದೆ. ಪಾವಗಡದ ಸೋಲಾರ್ ಸಂಜೆ ಮಲಗುವ ಹೊತ್ತಿಗೆ ಎಷ್ಟೋ ದಿನ ಗುಡ್ಡದ ಗಾಳಿ ಏಳುತ್ತದೆ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಗಾಳಿ ಜಾಸ್ತಿ.

ಹಕ್ಕಿಗಳ ಗತಿ?

ಇದಕ್ಕೆ ಸಮಾಧಾನದ ಉತ್ತರ ನನ್ನಲ್ಲಿಲ್ಲ. ರೆಕ್ಕೆಗೆ ಬಡಿದು ಹಕ್ಕಿ, ಬಾವಲಿ ಸಾಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಂಶೋಧಕರು ಮಹಾರಾಷ್ಟ್ರದ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನು ಇರುವ ಕಡೆ ಹದ್ದು, ಗಿಡುಗದಂಥ ಬೇಟೆ ಹಕ್ಕಿಗಳು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದಿದ್ದವು. ಅವು ಹೋದದ್ದರಿಂದ ಹಲ್ಲಿ ಜಾತಿಯ ಪ್ರಾಣಿಗಳು ಹೆಚ್ಚಿದ್ದವು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಭಯ ಮರೆತಿದ್ದವು. ಗದಗದ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮವಾಯಿತು. ಗಾಳಿ ಚೆನ್ನಾಗಿರುವ ಗುಡ್ಡವೆಲ್ಲ ಫ್ಯಾನಿಗೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಯಲಲ್ಲಿ ಜಾಗ ಬೇಕಾದಷ್ಟಿದೆ.

ಇಪ್ಪತ್ತು ವರ್ಷ ಆದ್ಮೇಲೆ ಏನ್ಮಾಡ್ತೀರಿ?

ವಿನ್ಯಾಸದ ಆಯುಸ್ಸು ಸಾಮಾನ್ಯವಾಗಿ 20 ವರ್ಷ. ಸರಿಯಾಗಿ ನೋಡಿಕೊಂಡರೆ ಮುಂದೂ ಓಡುತ್ತದೆ. ಒಳ್ಳೇ ಜಾಗ ಹಿಡಿದು ಕೂತ ಹಳೇ ಸಣ್ಣ ಯಂತ್ರ ತೆಗೆದು ಅಲ್ಲೇ ದೊಡ್ಡದು ನಿಲ್ಲಿಸುವುದು ಜಾಣತನ. 225 ಕಿಲೋವ್ಯಾಟ್‌ನ ಒಂಬತ್ತು ಯಂತ್ರದ ಕೆಲಸವನ್ನು ಈಗಿನ ಒಂದೇ ಮಾಡುತ್ತದೆ. ಕಂಬದ ಉಕ್ಕು, ಜನರೇಟರಿನ ತಾಮ್ರ ಗುಜರಿಗೆ ಹೋಗುತ್ತದೆ, ಒಳ್ಳೇ ಬೆಲೆಯೂ ಬರುತ್ತದೆ. ರೆಕ್ಕೆ ಯಾರಿಗೂ ಬೇಡ. ಗ್ಲಾಸ್ ಫೈಬರ್ ಕರಗುವುದಿಲ್ಲ, ಕೊಳೆಯುವುದಿಲ್ಲ. ನಮ್ಮ ಯಾರ್ಡಿನ ಬೇಲಿ ಪಕ್ಕ ಅಂಥದೊಂದು ಬಿದ್ದು ವರ್ಷಗಳಾದವು. ಮಧ್ಯಾಹ್ನ ಕುರಿ ಕಾಯುವ ಹುಡುಗರು ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ.